ಉತ್ತಂಗಿ ಪಾದ್ರಿಗಳೂ ನಮ್ಮೂರಿನ ಕ್ರಿಸ್‌ಮಸ್ಸೂ

ಸರ್ವಜ್ಞನ ಪದ್ಯ ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. ಈ ತ್ರಿಪದಿಗಳು ಊರೂರಿನ ಬಾಯಲ್ಲಿ, ಓಲೆಗರಿಗಳಲ್ಲಿ ಚದುರಿಹೋಗಿದ್ದವು. ವರ್ಷಗಟ್ಟಲೆ ತಿರುಗಿ ಅವನ್ನು ಕೂಡಿಸಿ, 1924ರಲ್ಲಿ ಅಚ್ಚು ಹಾಕಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು ಎಂದು. ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಪಾದ್ರಿ ಅಂತೀರಿ, ಚನ್ನಪ್ಪ ಅಂತೀರಿ, ಹೆಂಗ್ರಿ ಅದು?" ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೂ ನಗು ಬಂತು. ಆದರೆ ಪ್ರಶ್ನೆ ಸಣ್ಣದಲ್ಲ. ಪಾದ್ರಿ ಎಂದರೆ ಬಿಳಿ ನಿಲುವಂಗಿ, ಪರದೇಶದ ಹೆಸರು, ಯಾರದೋ ಧರ್ಮ ಎಂದು ಆ ಹುಡುಗಿಯ ತಲೆಯಲ್ಲಿ ಯಾರು ತುಂಬಿದರು?

ಚನ್ನಪ್ಪನವರ ತಂದೆಯ ಹೆಸರು ದಾನಿಯೇಲಪ್ಪ. ಆ ಹೆಸರನ್ನು ಒಮ್ಮೆ ಬಾಯಿ ತುಂಬ ಹೇಳಿ ನೋಡಿ. ಬೈಬಲ್ಲಿನ ದಾನಿಯೇಲನ ಬೆನ್ನಿಗೆ ನಮ್ಮ 'ಅಪ್ಪ' ಹೇಗೆ ಬಂದು ನಿಂತಿದ್ದಾನೆ! ನಮ್ಮ ಕಡೆಯ ಯೇಸಪ್ಪ, ಯೋಹಾನಪ್ಪ, ಮರಿಯವ್ವ ಎಲ್ಲರೂ ಹಾಗೆಯೇ. ಧರ್ಮ ಎಲ್ಲಿಂದಲೇ ಬರಲಿ, ನಮ್ಮ ಮಣ್ಣಿಗೆ ಬಂದ ಮೇಲೆ ಅಪ್ಪನೋ ಅವ್ವನೋ ಆಗಿಯೇ ಉಳಿಯಬೇಕು.

ಉತ್ತಂಗಿಯವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಓದಿದರು. ಹುಬ್ಬಳ್ಳಿ, ಗದಗ-ಬೆಟಗೇರಿಗಳ ಸಭೆಗಳಲ್ಲಿ ಸೇವೆ ಮಾಡಿ, ಕೊನೆಯ ಕಾಲವನ್ನು ಹೂವಿನ ಹಡಗಲಿಯಲ್ಲಿ ಕಳೆದು 1962ರಲ್ಲಿ ತೀರಿಕೊಂಡರು. ಹಡಗಲಿ ಎಂದರೆ ನಮಗೆ ದೂರವಲ್ಲ. ತುಂಗಭದ್ರೆಯ ಆಚೆ ದಂಡೆ. ನಮ್ಮ ಕೊಪ್ಪಳದ ಹೆಣ್ಣುಮಕ್ಕಳಿಗೆ ಹಡಗಲಿಯೆಂದರೆ ಮಲ್ಲಿಗೆ. ಆ ಮಲ್ಲಿಗೆಯ ಊರಿನಲ್ಲಿ ಒಬ್ಬ ಪಾದ್ರಿ ಬಸವಣ್ಣನವರ ಕಾಲದ ಶರಣರ ವಚನಗಳನ್ನು ಎದುರಿಗಿಟ್ಟುಕೊಂಡು ಕೂತಿದ್ದರು ಎಂಬುದು ಎಷ್ಟು ಜನಕ್ಕೆ ಗೊತ್ತು? ಸಿದ್ಧರಾಮನ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಪ್ರಶ್ನೆ ಎದ್ದಾಗ, ಇತ್ತು ಎಂದು ಆಧಾರ ಕೊಟ್ಟು ಒಂದು ಪುಸ್ತಕವನ್ನೇ ಬರೆದರು. ಲಿಂಗಾಯತ ಮನೆತನದಲ್ಲಿ ಹುಟ್ಟಿದ ನನಗೆ ಇದನ್ನು ಓದಿದಾಗ ಒಂಥರಾ ಸಂಕೋಚವೂ ಸಂತೋಷವೂ ಒಟ್ಟಿಗೇ ಆದವು. ನಮ್ಮ ಮನೆಯ ಚಿನ್ನವನ್ನು ಪಕ್ಕದ ಮನೆಯವರು ಉಜ್ಜಿ ತೊಳೆದು, ಬೆಳಕಿಗೆ ಹಿಡಿದು ತೋರಿಸಿದ ಹಾಗೆ.

ಅವರ ಇನ್ನೊಂದು ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಹೆಸರನ್ನೇ ನೋಡಿ. ಬೆತ್ಲೆಹೇಮಿನ ಆಜ್ಞೆ ಅಲ್ಲ, ಉಪದೇಶವೂ ಅಲ್ಲ, ವಿನಂತಿ. ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವರ ದನಿ ಅದು. ಧರ್ಮದ ವಿಷಯ ಬಂದರೆ ಎಲ್ಲರೂ ಮೈಕು ಹಿಡಿದೇ ಮಾತಾಡುವ ಈ ದಿನಗಳಲ್ಲಿ ಅಂಥ ದನಿ ಕೇಳಬೇಕೆಂದರೆ ಹಳೆಯ ಪುಸ್ತಕವನ್ನೇ ತೆಗೆಯಬೇಕಾಗಿದೆ.

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಿಜಾಮನ ಆಳ್ವಿಕೆ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಆಗ ಅದೇ ಸೀಮೆಯಲ್ಲಿದ್ದವು. ರಜಾಕಾರರ ಹಾವಳಿಯ ಕಾಲಕ್ಕೆ ಊರು ಬಿಟ್ಟು ಹೊಲದಲ್ಲಿ ಅಡಗಿದ್ದನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಆಮೇಲೆ ಸೇಡಿಗೆ ಸಿಕ್ಕ ಬಡ ಮುಸಲ್ಮಾನರ ಮನೆಗಳ ವಿಷಯವನ್ನೂ ದನಿ ತಗ್ಗಿಸಿ ಹೇಳುತ್ತಿದ್ದಳು. ಅಂಥ ಹಸಿ ಗಾಯದ ನಾಡಿನಲ್ಲಿ ಕನ್ನಡದ ದೊಡ್ಡ ಸಭೆಯ ಅಧ್ಯಕ್ಷ ಪೀಠದ ಮೇಲೆ ಕೂಡಿಸಿದ್ದು ಯಾರನ್ನು? ಈ ಪಾದ್ರಿಗಳನ್ನೇ. 'ತಿರುಳ್ಗನ್ನಡದ ತಿರುಕ' ಎಂದು ಕರೆಸಿಕೊಂಡವರನ್ನು. ನಮ್ಮ ಹಿರಿಯರಿಗೆ ಬುದ್ಧಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಇದು ನೆನಪಾಗುತ್ತದೆ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಡಿಸೆಂಬರ್ ಬಂದರೆ ಸುಮ್ಮನಿರಲಾಗುವುದಿಲ್ಲ.

ನಮ್ಮ ಕಡೆ ಡಿಸೆಂಬರ್ ಎಂದರೆ ಬಿಳಿಜೋಳ ಹಸಿರೇರಿ ನಿಂತ ಕಾಲ. ಒಂದು ಕಡೆ ಎಳ್ಳಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಭ್ರಮ. ಇನ್ನೊಂದು ಕಡೆ ಕ್ರಿಸ್ತರ ಮನೆಗಳ ಮುಂದೆ ನಕ್ಷತ್ರ ತೂಗುತ್ತದೆ. ಅದು ನಮ್ಮ ದೀಪಾವಳಿಯ ಆಕಾಶಬುಟ್ಟಿಯ ತಮ್ಮನ ಹಾಗೆಯೇ ಕಾಣುತ್ತದೆ. ರಾತ್ರಿ ಹಾರ್ಮೋನಿಯಂ ಹೊತ್ತುಕೊಂಡು ಮನೆ ಮನೆಗೆ ಹಾಡುತ್ತ ಬರುತ್ತಾರೆ. ಧಾಟಿ ಕೇಳಿದರೆ ನಮ್ಮ ಭಜನೆಯೇ. ಇದಕ್ಕೂ ಹಳೆಯ ದಾರಿ ಇದೆ: ನಿಘಂಟಿನ ಕಿಟೆಲ್ ಸಾಹೇಬರು 1862ರಷ್ಟು ಹಿಂದೆಯೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದಿದ್ದರು. ಹಬ್ಬದ ಮರುದಿನ ಚರ್ಚಿನ ಪಾಸ್ಟರ್ರು ನಮ್ಮ ಶಾಲೆಗೆ ಕರ್ಚಿಕಾಯಿ, ಚಕ್ಕುಲಿ, ರವೆ ಉಂಡಿಯ ಡಬ್ಬಿ ಹಿಡಿದು ಬರುತ್ತಾರೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಾರೆ. ಕೆಲವರು ಅಲ್ಲೇ ತಿನ್ನುತ್ತಾರೆ. ಕೆಲವರು "ಮನಿಗೆ ಒಯ್ತೀನ್ರಿ" ಎಂದು ಕಾಗದದಲ್ಲಿ ಸುತ್ತುತ್ತಾರೆ. ಸುತ್ತಿದ್ದೆಲ್ಲ ಮನೆ ಮುಟ್ಟುವುದಿಲ್ಲ ಎಂಬುದು ಪಾಸ್ಟರ್ರಿಗೂ ಗೊತ್ತು, ನನಗೂ ಗೊತ್ತು. ಅವರು ಮಾತ್ರ ಮುಂದಿನ ವರ್ಷವೂ ಅಷ್ಟೇ ಎಣಿಸಿ ತರುತ್ತಾರೆ.

ಒಂದು ವರ್ಷ ಅವರು ಬಂದಾಗ ನಾನೊಬ್ಬಳೇ ಕೂತಿದ್ದೆ. ಈ ಸಲ ಏನು ಪ್ರಸಂಗ ಮಾಡಿದಿರಿ ಎಂದು ಕೇಳಿದೆ.

"ಛತ್ರದ ಮ್ಯಾಲೆ ಮಾತಾಡಿದೆ ಅಕ್ಕೋರ," ಎಂದರು. "ಎಲ್ಲಾರೂ ಕೂಸಿನ ಮ್ಯಾಲೆ, ನಕ್ಷತ್ರದ ಮ್ಯಾಲೆ ಮಾತಾಡ್ತಾರ. ಆ ಬಸುರಿ ಹೆಣ್ಣುಮಗಳಿಗೆ ಜಾಗ ಇಲ್ಲ ಅಂದ ಛತ್ರದಾಂವ ಕೆಟ್ಟಾಂವ ಅಂತ ಎಲ್ಲೂ ಬರ್ದಿಲ್ರಿ. ಜಾಗ ಇರಲಿಲ್ಲ, ಅಷ್ಟ. ನಮ್ಮೂರ ಹೋಟೆಲಿನಾಗೂ ಹಂಗ ಅಂತಾರ. ಬೈಯೂದಿಲ್ಲ, ಬಡಿಯೂದಿಲ್ಲ. ಜಾಗ ಇಲ್ಲ ಅಂತಾರ."

ಆ ವರ್ಷ 2024. ಅಕ್ಟೋಬರಿನಲ್ಲಷ್ಟೇ ಮರಕುಂಬಿ ಪ್ರಕರಣದ ತೀರ್ಪು ಬಂದಿತ್ತು. ಗಂಗಾವತಿ ತಾಲ್ಲೂಕಿನ ಆ ಊರಿನ ದಲಿತರ ಕೇರಿಯ ಮೇಲೆ 2014ರ ಆಗಸ್ಟಿನಲ್ಲಿ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ ದಲಿತರನ್ನು ಹೊರಗಿಡುವ ವಿಷಯ ಅಲ್ಲಿ ಮೊದಲಿನಿಂದಲೂ ಹೊಗೆಯಾಡುತ್ತಿತ್ತು. ಹತ್ತು ವರ್ಷದ ಮೇಲೆ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕೋರ್ಟಿನ ಮುಂದಿನ ವಿಚಾರ ಕೋರ್ಟಿಗೆ ಇರಲಿ. ನನಗೆ ಕಾಡಿದ್ದು ಆ ಸಂಖ್ಯೆ. 98 ಎಂದರೆ ನನ್ನ ಎರಡು ಕ್ಲಾಸಿನ ಮಕ್ಕಳು. ಅವರೂ ಯಾವುದೋ ಶಾಲೆಯಲ್ಲಿ, ಯಾರೋ ಟೀಚರ ಮುಂದೆ ಕೂತು ಸರ್ವಜ್ಞನನ್ನು ಬಾಯಿಪಾಠ ಮಾಡಿದವರೇ ಅಲ್ಲವೇ? ಅವರಿಗಾಗಿ ಅಳುವ ತಾಯಂದಿರು, ಆ ಕಡೆ ಬೆಂಕಿಯಲ್ಲಿ ಪಾತ್ರೆ ಪಡಗ ಕಳೆದುಕೊಂಡ ತಾಯಂದಿರು.

ಅದಕ್ಕೂ ಮೂರು ವರ್ಷ ಮೊದಲು, 2021ರ ಸೆಪ್ಟೆಂಬರಿನಲ್ಲಿ, ಕುಷ್ಟಗಿ ತಾಲ್ಲೂಕಿನ ಮಿಯಾಪುರದ ಸುದ್ದಿಯನ್ನು ನೀವೂ ಓದಿರುತ್ತೀರಿ. ಮಗುವಿನ ಹುಟ್ಟುಹಬ್ಬ. ಅಪ್ಪ ವಾಡಿಕೆಯಂತೆ ಹನುಮಪ್ಪನ ಗುಡಿಯ ಹೊರಗೇ ನಿಂತು ಕೈ ಮುಗಿಯುತ್ತಿದ್ದ. ಮಳೆ ಬಂತು. ಮಗು ಓಡಿ ಒಳಗೆ ಹೋಯಿತು. ಮಕ್ಕಳು ಮಳೆ ಬಂದರೆ ಇನ್ನೆಲ್ಲಿಗೆ ಓಡುತ್ತವೆ? ಗುಡಿ ಶುದ್ಧಿ ಮಾಡಬೇಕೆಂದು ಆ ಬಡವನಿಗೆ ಸಾವಿರಾರು ರೂಪಾಯಿ ದಂಡ ಹೇಳಿದರು. ಸುದ್ದಿ ಹೊರಗೆ ಬಂತು, ಪೊಲೀಸರು ಬಂದರು, ಕೆಲವರ ಬಂಧನವೂ ಆಯಿತು. ಬೆತ್ಲೆಹೇಮಿನ ಕಥೆ ಎರಡು ಸಾವಿರ ವರ್ಷದ ಹಿಂದಿನದು ಎನ್ನುತ್ತಾರೆ. ನನಗೇನೋ ಹಾಗೆ ಅನ್ನಿಸುವುದಿಲ್ಲ.

ಇದನ್ನೇ ನಾನು ಪಾಸ್ಟರ್ರಿಗೆ ಹೇಳಿದೆ. ನಿಮ್ಮ ಚರ್ಚಿನಲ್ಲಾದರೂ ಮಗು ಒಳಗೆ ಓಡಿ ಬಂದರೆ ಯಾರೂ ದಂಡ ಹಾಕುವುದಿಲ್ಲವಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಳಗ ಬರೂದಕ್ಕ ಯಾರೂ ಬ್ಯಾಡ ಅನ್ನೂದಿಲ್ರಿ. ಮದಿವಿ ಮಾತು ಬಂದಾಗ ನೋಡ್ರಿ ನಮ್ಮ ಸಭಾನ," ಎಂದರು.

ಅವರು ಯಾರ ಮಾತು ಹೇಳುತ್ತಿದ್ದಾರೆಂದು ನನಗೆ ತಿಳಿಯಿತು. ಹುಡುಗಿ ನನ್ನ ಶಿಷ್ಯೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ನರ್ಸಿಂಗ್ ಓದಿದವಳು. ಹುಡುಗನೂ ಅದೇ ಚರ್ಚಿನವನು. ಒಂದೇ ಬೈಬಲ್ಲು, ಒಂದೇ ಹಾಡಿನ ಪುಸ್ತಕ. ಆದರೆ ಎರಡೂ ಮನೆಗಳ ಮುತ್ತಜ್ಜಂದಿರು ಕ್ರಿಸ್ತರಾಗುವ ಮುಂಚೆ ಬೇರೆ ಬೇರೆ ಕೇರಿಯವರು. ಆ ಕೇರಿಗಳೂ ಊರ ಹೊರಗಿನವೇ. ಊರಿನವರ ಕಣ್ಣಿಗೆ ಎರಡೂ ಒಂದೇ. ಆದರೂ ಹುಡುಗಿಯ ತಾಯಿ, "ಅವರ ಮನ್ಯಾಗ ನಾವು ನೀರು ಕುಡ್ಯೂದಿಲ್ಲ" ಎಂದು ಹಟ ಹಿಡಿದಳು. ಬಾಸೆಲ್ ಮಿಷನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆ ಕಟ್ಟಿದಾಗ ಜಾತಿ ಬಿಡದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಕಟ್ಟುನಿಟ್ಟು ಮಾಡಿದ್ದರಂತೆ. ಕಾಗದದ ಮೇಲೆ ಬಿಡಿಸುವುದು ಸುಲಭ. ಅಡುಗೆಮನೆಯಿಂದ ಬಿಡಿಸುವುದು ಹೆಂಗಸರಿಗೆ ಬಿಟ್ಟ ಕೆಲಸ, ನಾವು ಹೆಂಗಸರೇ ಅದನ್ನು ಭದ್ರವಾಗಿ ಕಾಯ್ದುಕೊಂಡು ಬಂದಿದ್ದೇವೆ.

ಇದರಲ್ಲಿ ಸರ್ಕಾರದ ಒಂದು ಗಂಟೂ ಇದೆ. 1950ರ ಆದೇಶದಂತೆ ಹಿಂದೂ ದಲಿತರಷ್ಟೇ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರಿಸ್ತರನ್ನು ಸೇರಿಸಲಿಲ್ಲ. ಕ್ರಿಸ್ತರಲ್ಲಿ ಜಾತಿಯೇ ಇಲ್ಲ ಎಂಬುದು ವಾದ. ಆ ವಾದ ಮಾಡಿದವರನ್ನು ಆ ತಾಯಿಯ ಮನೆಗೆ ಒಂದು ದಿನ ಕರೆದುಕೊಂಡು ಹೋಗಬೇಕು ಎನಿಸುತ್ತದೆ.

ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಕೂಡ ಪಾದ್ರಿಯೇ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲೇ ತಮ್ಮ ದೇಶದಲ್ಲಿ ಕರಿಯರು ಬಿಳಿಯರು ಎಲ್ಲಕ್ಕಿಂತ ಹೆಚ್ಚು ಬೇರೆಯಾಗಿ ಕೂಡುತ್ತಾರೆ ಎಂದು ಅವರು ನೊಂದು ಹೇಳುತ್ತಿದ್ದರು. 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಯೊಂದಕ್ಕೆ ಹೋದರು. ಅಲ್ಲಿನ ಹೆಡ್‌ಮಾಸ್ತರರು ಮಕ್ಕಳಿಗೆ, ಇವರು ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು ಎಂದು ಪರಿಚಯ ಮಾಡಿಕೊಟ್ಟರಂತೆ. ಕಿಂಗ್ ಅವರಿಗೆ ಮೊದಲು ಆಘಾತವಾಯಿತು, ಸಿಟ್ಟೂ ಬಂತು. ಆಮೇಲೆ ಯೋಚಿಸಿದಾಗ ಹೌದಲ್ಲ ಎನಿಸಿತು ಎಂದು 1965ರಲ್ಲಿ ತಮ್ಮ ಸಭೆಯ ಮುಂದೆ ಹೇಳಿದರು. ಆ ಹೆಡ್‌ಮಾಸ್ತರರ ಮೇಲೆ ನನಗೆ ಬಹಳ ಗೌರವ. ಪಾಠ ಹೇಳುವ ವೃತ್ತಿಯವರು ಒಮ್ಮೊಮ್ಮೆ ಒಂದೇ ಮಾತಿನಲ್ಲಿ ದೊಡ್ಡ ದೊಡ್ಡವರಿಗೂ ಪಾಠ ಹೇಳಿಬಿಡುತ್ತೇವೆ!

ಹಾಗೆಂದು ನಮ್ಮಲ್ಲಿ ಎಲ್ಲವೂ ಒಣಗಿಹೋಗಿದೆ ಎನ್ನಲಾರೆ. ಕುಷ್ಟಗಿಯಿಂದ ಅಷ್ಟೇನೂ ದೂರವಿಲ್ಲದ ಮುದಗಲ್ಲಿನಲ್ಲಿ ಮೊಹರಂಗೆ ಹಿಂದೂಗಳೂ ಹರಕೆ ಹೊರುತ್ತಾರೆ. ಅದೇ ಊರಿನಲ್ಲಿ ಬಹಳ ಹಳೆಯ ಇಗರ್ಜಿಯೂ ಇದೆ. ಜನವರಿಯಲ್ಲಿ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರುತ್ತವೆ. ಬೆಟ್ಟದಂತೆ ರಾಶಿ. ಯಾವ ರೊಟ್ಟಿ ಯಾರ ಕೈಯದು ಎಂದು ಯಾವ ಪುಣ್ಯಾತ್ಮನೂ ಹೇಳಲಾರ. ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇಪ್ಪತ್ತು ವರ್ಷದಿಂದ ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ಕಣ್ಣಾರೆ ನೋಡಿದ್ದೇನೆ. ಅಡುಗೆ ಮಾಡುವವರು ಯಾರು ಎಂದು ಮಕ್ಕಳು ಕೇಳುವುದಿಲ್ಲ. ಕೇಳುವವರು ಗೇಟಿನ ಹೊರಗೆ ನಿಂತಿರುತ್ತಾರೆ.

ನನ್ನ ಶಿಷ್ಯೆಯ ಮದುವೆ ಕಡೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಆಮೇಲೆ ಚರ್ಚಿನಲ್ಲಿ ಪಾಸ್ಟರ್ರು ಆಶೀರ್ವಾದ ಮಾಡಿದರು; ಸಭೆಯ ಅರ್ಧ ಜನ ಬರಲಿಲ್ಲ. ಪಾಸ್ಟರ್ರಿಗೆ ಬೇರೆ ಊರಿಗೆ ವರ್ಗ ಮಾಡಿಸುತ್ತೇವೆ ಎಂದು ಹೆದರಿಸಿದರು. "ಮಾಡಸ್ರಿ, ಅಲ್ಲೂ ಛತ್ರ ಇದ್ದ ಇರತೈತಿ" ಎಂದರಂತೆ ಇವರು. ವರ್ಗವೇನೂ ಆಗಲಿಲ್ಲ. ತಾಯಿ ಮಾತ್ರ ಮಗಳ ಮನೆ ಮೆಟ್ಟಲಿಲ್ಲ. ಮೊಮ್ಮಗಳು ಹುಟ್ಟಿದಾಗಲೂ ಹೋಗಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಆಕೆ ನಮ್ಮ ಶಾಲೆಯ ಪಡಸಾಲೆಯಲ್ಲಿ ಬಂದು ನಿಂತಿದ್ದಳು. ಸೆರಗಿನಡಿ ಒಂದು ಸ್ಟೀಲಿನ ಡಬ್ಬಿ. "ಇದನ್ನ ಆಕಿಗೆ ಮುಟ್ಟಸ್ರಿ ಅಕ್ಕೋರ. ನಾ ಕೊಟ್ಟೀನಂತ ಹೇಳಬ್ಯಾಡ್ರಿ," ಎಂದು ಕೈಗಿಟ್ಟು, ನಾನು ಬಾಯಿ ತೆಗೆಯುವ ಮುಂಚೆ ಹೊರಟುಹೋದಳು. ಸಂಜೆ ಒಯ್ದು ಕೊಟ್ಟೆ. ಹೇಳಬಾರದೆಂದಿದ್ದಳು, ನಾನು ಹೇಳಲೂ ಇಲ್ಲ. ಹುಡುಗಿ ಮುಚ್ಚಳ ತೆಗೆದು ಒಂದು ಕರ್ಚಿಕಾಯಿ ಎತ್ತಿಕೊಂಡಳು. ಅದರ ಅಂಚಿಗೆ ಹೆಣೆದ ಹಾಗೆ ಮುರಿಗೆ ಹಾಕಿತ್ತು. ಎಲ್ಲರ ಕೈಗೂ ಬರುವ ಮುರಿಗೆಯಲ್ಲ. ಅದನ್ನೇ ನೋಡುತ್ತ ನಿಂತಳು, ಯಾರು ಕಳಿಸಿದ್ದು ಎಂದು ಕೇಳಲಿಲ್ಲ. ಕೂಸು ಅವಳ ಸೆರಗು ಜಗ್ಗಿ ಬೇಡಿತು. ಮುರಿದು ಅದರ ಕೈಗೆ ಅರ್ಧ ಕೊಟ್ಟಳು.

ಹೊರಡುವಾಗ ಡಬ್ಬಿ ತೊಳೆದು, ಒರೆಸಿ, ಖಾಲಿ ಕಳಿಸಬಾರದೆಂದು ಒಳಗೆ ಒಂದು ಹಿಡಿ ಸಕ್ಕರೆ ಹಾಕಿ ನನ್ನ ಕೈಗಿಟ್ಟಳು. ಆವತ್ತು ಶನಿವಾರ. ಭಾನುವಾರವೆಲ್ಲ ಅದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಸಕ್ಕರೆಗೆ ಇರುವೆ ಮುತ್ತದಂತೆ ಸುತ್ತ ಅರಿಶಿನದ ಗೆರೆ ಎಳೆದಿಟ್ಟು, ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವಾಗ ಆ ಕೇರಿಯ ಕಡೆಯಿಂದಲೇ ಹೋದೆ.