ಕಿಟಕಿಯ ಬಳಿಯ ಗಂಧರಾಜ



ಹಿತ್ತಿಲಿನಲ್ಲಿ ತಾನಾಗಿ ಬೆಳೆದು ತಾನಾಗಿ ಹೂಬಿಡುವ ಗಿಡಗಳು ಹಲವುಂಟು. ದಾಸವಾಳ, ಕಣಗಿಲೆ, ನಂದಿಬಟ್ಟಲುಗಳಿಗೆ ನಮ್ಮ ಉಪಚಾರ ಹೆಚ್ಚೇನೂ ಬೇಡ. ಒಂದೆರಡು ದಿನ ನೀರೆರೆಯದಿದ್ದರೂ ಅವು ಮುನಿಯುವುದಿಲ್ಲ. ಆದರೆ ಅನಂತಪುಷ್ಪವೆಂದೂ ಗಂಧರಾಜವೆಂದೂ ಕರೆಯಿಸಿಕೊಳ್ಳುವ ಗಿಡದ ಪ್ರಕೃತಿಯೇ ಬೇರೆ. ಅದನ್ನು ಮನೆಯೊಳಗೆ ಕುಂಡದಲ್ಲಿ ಸಾಕುವುದು ಸುಲಭಸಾಧ್ಯವಲ್ಲ. ಆ ಕೆಲಸ ನನ್ನ ಪಾಲಿಗೆ ಬಂದ ಬಗೆಯನ್ನೂ ಅದು ನನಗೆ ಕಲಿಸಿದ್ದನ್ನೂ ತಮ್ಮಲ್ಲಿ ನಿವೇದಿಸಲು ಈ ನಾಲ್ಕು ಮಾತು.

ಈ ಗಿಡದ ಮೂಲ ನೆಲೆ ದಕ್ಷಿಣ ಚೀನಾ, ಜಪಾನ್ ಮೊದಲಾದ ಪೂರ್ವದೇಶಗಳು. ಚೀನಾದ ಜನರು ಸಾವಿರ ವರ್ಷಕ್ಕೂ ಹಿಂದಿನಿಂದ ಇದನ್ನು ಬೆಳೆಸುತ್ತ ಬಂದಿದ್ದಾರೆ. ಇದರ ಕಾಯಿಯಿಂದ ಹಳದಿ ಬಣ್ಣವನ್ನೂ ತೆಗೆಯುತ್ತಾರೆ. 18ನೆಯ ಶತಮಾನದಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ವೈದ್ಯನಾಗಿದ್ದ ಅಲೆಗ್ಸಾಂಡರ್ ಗಾರ್ಡನ್ (1730–1791) ಎಂಬ ಸಸ್ಯಪ್ರೇಮಿಯ ಗೌರವಾರ್ಥವಾಗಿ ಇದಕ್ಕೆ ಗಾರ್ಡೇನಿಯ ಎಂಬ ಶಾಸ್ತ್ರೀಯ ನಾಮ ಬಂದಿತು. ಇದು ಕಾಫಿ ಗಿಡದ ಕುಟುಂಬಕ್ಕೇ ಸೇರಿದುದು. ಮಲೆನಾಡಿನ ತೋಟಗಳಲ್ಲಿ ಕಾಫಿ ಹೂಬಿಟ್ಟ ಬೆಳಗನ್ನು ಕಂಡವರಿಗೆ ಈ ಬಾಂಧವ್ಯ ಸುವಾಸನೆಯಿಂದಲೇ ಹೊಳೆದೀತು.

ಧಾರವಾಡದ ನಮ್ಮ ಮನೆಯ ಹಿತ್ತಿಲಿನಲ್ಲಿ ನನ್ನ ಧರ್ಮಪತ್ನಿ ಬೆಳೆಸಿದ ಗಂಧರಾಜವೊಂದಿತ್ತು. ಒಂದು ಮಳೆಗಾಲದಲ್ಲಿ ಆಕೆ ಅದರ ಕಡ್ಡಿಯೊಂದನ್ನು ಮಣ್ಣಿನ ಕುಂಡದಲ್ಲಿ ಊರಿ ಬೇರು ಬರಿಸಿದ್ದಳು. 2019ರಲ್ಲಿ ಆಕೆ ಲಿಂಗೈಕ್ಯಳಾದಳು. ಎರಡು ವರ್ಷಗಳ ತರುವಾಯ ಮನೆ ಪರರ ಪಾಲಾಯಿತು. ನಾನು ಬೆಂಗಳೂರಿನ ಮಗನ ಮನೆಗೆ, ಬಹುಮಹಡಿ ಕಟ್ಟಡದ ಮೂರನೆಯ ಅಂತಸ್ತಿಗೆ ಬಂದೆ. ಸಾಮಾನುಗಳಲ್ಲಿ ಬಹುಪಾಲು ಅಲ್ಲಿಯೇ ಉಳಿದವು. ಆ ಕುಂಡವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಬಂದೆ.

ಬರುವಾಗ ಗಿಡದಲ್ಲಿ ಏಳು ಮೊಗ್ಗುಗಳಿದ್ದವು. ಹತ್ತು ದಿನಗಳೊಳಗೆ ಏಳೂ ಅರಳದೆಯೇ ಉದುರಿದವು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹೊಸ ಎಲೆಗಳು ಹಳದಿಯಾಗತೊಡಗಿದವು. ನರಗಳು ಮಾತ್ರ ಹಸಿರಾಗಿ ಉಳಿದವು. ನೋಡಿದವರು, ‘ಇದನ್ನು ತೆಗೆದು ಬೇರೊಂದನ್ನು ತಂದರಾಯಿತು’ ಎಂದರು. ಬೇರೊಂದು ಗಿಡ ಎಲ್ಲಿಯಾದರೂ ದೊರೆತೀತು. ಆ ಕೈ ಊರಿದ ಕಡ್ಡಿ ಎಲ್ಲಿ ದೊರೆತೀತು?

ತೋಟಗಾರಿಕೆಯನ್ನು ಬಲ್ಲ ಮಿತ್ರರೊಬ್ಬರು ಗಿಡವನ್ನು ನೋಡಿ ಕಾರಣವನ್ನು ತಿಳಿಸಿದರು. ಮೊಗ್ಗು ಉದುರಿದುದು ಸ್ಥಳಾಂತರದಿಂದ. ಬೆಳಕಿನ ದಿಕ್ಕು, ಗಾಳಿಯ ತೇವ, ರಾತ್ರಿಯ ತಂಪು ಹಠಾತ್ತನೆ ಬದಲಾದರೆ ಈ ಗಿಡ ಮೊಗ್ಗುಗಳನ್ನು ಕೈಬಿಡುತ್ತದೆ. ಎಲೆ ಹಳದಿಯಾದುದಕ್ಕೆ ನೀರು ಕಾರಣ. ಗಂಧರಾಜಕ್ಕೆ ಬೇಕಾದುದು ಹುಳಿ ಗುಣದ ಮಣ್ಣು. ಅದರ ರಸಸಾರ 5ರಿಂದ 6ರೊಳಗೆ ಇರಬೇಕು. ನಮ್ಮ ಕಟ್ಟಡಕ್ಕೆ ಬರುವುದು ಕೊಳವೆಬಾವಿಯ ಗಡಸು ನೀರು. ಅದರ ಸುಣ್ಣದ ಅಂಶ ಕುಂಡದಲ್ಲಿ ಸೇರಿ ಸೇರಿ ಮಣ್ಣಿನ ಹುಳಿಯನ್ನು ಕಳೆಯುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಇದ್ದೂ ದಕ್ಕದ ಈ ಸ್ಥಿತಿಯನ್ನು ಕೇಳಿ ನಾನು ಬಹಳ ಹೊತ್ತು ಯೋಚಿಸಿದೆನು.

ಪರಿಹಾರ ಕಠಿಣವಾಗಿರಲಿಲ್ಲ. ಎಲೆಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿದ ಹೊಸ ಮಣ್ಣಿಗೆ ಗಿಡವನ್ನು ಬದಲಿಸಿದೆವು. ಬೇರು ಹೀರಿಕೊಳ್ಳಬಲ್ಲ ರೂಪದಲ್ಲಿ ದೊರೆಯುವ ಕಬ್ಬಿಣದ ಪೋಷಕವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟೆವು. ಮಳೆಯ ನೀರು ಸ್ವಭಾವತಃ ತುಸು ಹುಳಿಯಾದುದರಿಂದ ಅದನ್ನೇ ಹಿಡಿದಿಟ್ಟು ಎರೆಯುವುದೆಂದು ನಿಶ್ಚಯಿಸಿದೆವು. ಅಂದಿನಿಂದ ಮೋಡ ಕವಿದರೆ ಸಾಕು, ಮೊಮ್ಮಗಳು ‘ಅಜ್ಜಾ, ಮಳಿ ಬಂತು!’ ಎಂದು ಕೂಗುತ್ತ ಬಕೆಟ್ ಹಿಡಿದು ಬಾಲ್ಕನಿಗೆ ಓಡುವಳು. ಧೂಳು ತೊಳೆದು ಬರುವ ಮೊದಲ ಮಳೆಯನ್ನು ಬಿಟ್ಟು ಆಮೇಲಿನದನ್ನು ಹಿಡಿಯಬೇಕೆಂಬುದನ್ನೂ ಅವಳು ಕಲಿತಿದ್ದಾಳೆ.

ಈ ಗಿಡವನ್ನು ಸಾಕಲು ಬಯಸುವವರು ಇನ್ನು ಕೆಲವು ಸಂಗತಿಗಳನ್ನು ಗಮನಿಸಬೇಕು. ಬೆಳಗಿನ ಬಿಸಿಲು ಬೀಳುವ ಪೂರ್ವದ ಕಿಟಕಿ ಇದಕ್ಕೆ ಉತ್ತಮ. ಮಣ್ಣು ಸದಾ ತೇವವಾಗಿರಬೇಕು, ಆದರೆ ಕೆಸರಾಗಬಾರದು. ಫ್ಯಾನಿನ ನೇರ ಗಾಳಿ ತಾಗಬಾರದು. ಮೊಗ್ಗು ಕಟ್ಟುವುದಕ್ಕೆ 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾದ ರಾತ್ರಿಗಳು ಬೇಕು. ಬೆಂಗಳೂರಿನ ಚಳಿಗಾಲ ಇದನ್ನು ತಾನಾಗಿ ಒದಗಿಸುತ್ತದೆ. ಎಲೆಯ ಬುಡದಲ್ಲಿ ಬಿಳಿಯ ಹಿಟ್ಟಿನಂತೆ ಕೂಡುವ ಹಿಟ್ಟು ತಿಗಣೆಯನ್ನು ಕಂಡೊಡನೆ ಒರೆಸಿ, ಬೇವಿನೆಣ್ಣೆ ಬೆರೆಸಿದ ಸಾಬೂನು ನೀರನ್ನು ಸಿಂಪಡಿಸಬೇಕು. ಸವರುವುದು ಹೂವಿನ ಕಾಲ ಮುಗಿದ ಮೇಲೆ. ಎಲ್ಲಕ್ಕಿಂತ ಮುಖ್ಯವಾದುದು, ಮೊಗ್ಗು ಮೂಡಿದ ಮೇಲೆ ಕುಂಡವನ್ನು ಅಲುಗಿಸಬಾರದು.

ಜನರು ಇದನ್ನು ಹಠಮಾರಿ ಗಿಡವೆನ್ನುವರು. ನನಗೆ ಹಾಗೆ ತೋರುವುದಿಲ್ಲ. ಅದು ಹೆಚ್ಚು ಬೇಡುವುದಿಲ್ಲ; ತನ್ನ ನೆಲದಲ್ಲಿ ಇದ್ದುದನ್ನೇ ಬೇಡುತ್ತದೆ. ಎಪ್ಪತ್ತು ದಾಟಿದ ಮೇಲೆ ಊರು ಬಿಟ್ಟವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗ ಸೊಸೆಯರು ನನಗೆ ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಆದರೂ ಮೊದಲ ವರ್ಷ ನನ್ನ ಮಾತು ತೀರ ಕಡಿಮೆಯಾಗಿತ್ತು. ಒಂದು ದಿನ ಸೊಸೆ ಗಿಡದ ಪಕ್ಕದಲ್ಲಿ ಕುರ್ಚಿಯೊಂದನ್ನು ತಂದಿಟ್ಟು, ‘ಮಾವಾರ, ಇನ್ನ ಇದು ನಿಮ್ಮ ಜಾಗಾ. ಇದನ್ನ ಯಾರೂ ಸರಸೂದಿಲ್ಲ’ ಎಂದಳು. ಅಂದು ಸಂಜೆ ನಾನು ಅವಳಿಗೆ ಧಾರವಾಡದ ಹಿತ್ತಿಲಿನ ಕಥೆಯನ್ನೆಲ್ಲ ಹೇಳಿದೆನು.

2023ರ ಏಪ್ರಿಲ್‌ನಲ್ಲಿ ಗಿಡದಲ್ಲಿ ಒಂಬತ್ತು ಮೊಗ್ಗುಗಳಿದ್ದವು. ಮೂರು ಉದುರಿದವು, ಆರು ಅರಳಿದವು. ಅಚ್ಚ ಬಿಳುಪಾಗಿ ಅರಳುವ ಈ ಹೂವು ಒಂದೆರಡು ದಿನಗಳಲ್ಲಿ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಪರಿಮಳ ಮಾತ್ರ ಕೊನೆಯವರೆಗೂ ಉಳಿಯುತ್ತದೆ.

ವಾಚಕರೇ, ತಮ್ಮ ಮನೆಯಲ್ಲಿಯೂ ನೆಲೆ ಬಿಟ್ಟು ಬಂದ ಗಿಡವೋ ಜೀವವೋ ಇದ್ದೀತು. ನಾವು ಎಷ್ಟು ಕೊಟ್ಟಿದ್ದೇವೆಂದು ಎಣಿಸುವ ಮೊದಲು, ಕೊಟ್ಟುದರಲ್ಲಿ ಅದಕ್ಕೆ ದಕ್ಕುತ್ತಿರುವುದೆಷ್ಟೆಂದು ಒಮ್ಮೆ ನೋಡಿರಿ.