ಹುಬ್ಬಿನ ಚಲನೆಯಿಂದ ಕಟ್ಟಿದ ಕಥೆ

ಮೂಡಲಗಿಯ ಪೇಟೆಯಲ್ಲಿ ಹಳೆಯ ದಿವಾಣಜಿಯೊಬ್ಬನು ಅಂಗಡಿ ಬಿಟ್ಟರೆ ಸಂಜೆಯೊಳಗೆ ಮೂರು ಕಾರಣಗಳು ಹುಟ್ಟುತ್ತವೆ: ಗಲ್ಲೆಯಲ್ಲಿ ಕೈಯಾಡಿಸಿದನು, ಮಾಲಕನ ಮಗನೊಡನೆ ಜಗಳವಾಡಿದನು, ಗೋಕಾಕದವರು ಹೆಚ್ಚಿನ ಪಗಾರ ಕೊಟ್ಟರು. ಆತನು ಇನ್ನೊಂದು ಊರಿಗೆ ಕೆಲಸ ಕೇಳಲು ಹೋಗುವ ಮೊದಲೇ ಈ ಮೂರರಲ್ಲಿ ಅತ್ಯಂತ ಕೆಟ್ಟದ್ದು ಅಲ್ಲಿಗೆ ತಲುಪಿರುತ್ತದೆ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಕೊನೆಯದು ಸಾಕಾರಮಂತ್ರಭೇದ. ಅಂಗವಿಕಾರ, ಹುಬ್ಬಿನ ಚಲನೆ ಮೊದಲಾದವುಗಳಿಂದ ಪರರ ಅಭಿಪ್ರಾಯವನ್ನರಿತು, ಅಸೂಯಾದಿ ನಿಮಿತ್ತದಿಂದ ಹೊರಗೆಡಹುವುದೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ್ದಾರೆ. ಆ ಊಹೆ ಸುಳ್ಳಾಗಿದ್ದರೆ ಮಾತ್ರ ದೋಷವೆಂದು ಅವರು ಹೇಳಿಲ್ಲ.

1987ರ ‘ಪ್ರೇಮಲೋಕ’ದಿಂದ ಹತ್ತು ವರ್ಷಕ್ಕೂ ಮಿಕ್ಕಿ ಕೂಡಿ ದುಡಿದ ಮೇಲೆ ಹಂಸಲೇಖ ಮತ್ತು ರವಿಚಂದ್ರನ್ ಬೇರೆಯಾದರು, 1999ರ ‘ನಾನು ನನ್ನ ಹೆಂಡ್ತೀರು’ ಚಿತ್ರಕ್ಕೆ ರವಿಚಂದ್ರನ್ ತಾವೇ ಸಂಗೀತ ನೀಡಿದರು. ಕಾರಣ ಹುಡುಕುವವರಿಗೆ ಕೊರತೆಯಿರಲಿಲ್ಲ. ಅವರಿಬ್ಬರ ಮಾತು ಅವರಲ್ಲಿಯೇ ಇರಲಿ. ಇಂಥದೇ ಅಗಲಿಕೆಯ ಕಾಗದಪತ್ರಗಳು ನ್ಯಾಯಾಲಯದ ಮೂಲಕ ಬಯಲಾದ ಪ್ರಸಂಗವೊಂದು ಅಮೆರಿಕೆಯಲ್ಲಿ ನಡೆದಿದೆ.

ಮಾರ್ಟಿನ್ ಓಡೊನೆಲ್ ಅವರು ಬಂಜಿ ಎಂಬ ವಿಡಿಯೋ ಆಟಗಳ ಸಂಸ್ಥೆಯ ಹಿರಿಯ ಸಂಗೀತಕಾರರಾಗಿದ್ದರು. 2001ರಲ್ಲಿ ಬಂದ ‘ಹೇಲೋ’ ಆಟಕ್ಕೆ ಮೈಕೇಲ್ ಸಾಲ್ವಟೋರಿಯವರೊಡನೆ ಅವರು ರಚಿಸಿದ ಸಂಗೀತ ಲೋಕಪ್ರಸಿದ್ಧವಾಯಿತು. 2014ರ ಏಪ್ರಿಲ್‌ನಲ್ಲಿ ತಮ್ಮನ್ನು ಸಕಾರಣವಿಲ್ಲದೆ ತೆಗೆದುಹಾಕಲಾಗಿದೆಯೆಂದು ಅವರು ಪ್ರಕಟಿಸಿದರು. ಸಂಸ್ಥೆಯಾದರೋ ಸ್ನೇಹಪೂರ್ವಕವಾಗಿ ಬೀಳ್ಕೊಡುತ್ತಿರುವುದಾಗಿ ಹೇಳಿತು. ಈ ಎರಡು ಹೇಳಿಕೆಗಳ ನಡುವಿನ ತೆರವನ್ನು ಅಭಿಮಾನಿಗಳು ತಮ್ಮ ಕಲ್ಪನೆಯಿಂದ ತುಂಬಿದರು. 2013ರಲ್ಲಿ ‘ಡೆಸ್ಟಿನಿ’ ಆಟದ ಪ್ರಚಾರಚಿತ್ರಕ್ಕೆ ಪ್ರಕಾಶಕರಾದ ಆಕ್ಟಿವಿಷನ್‌ನವರು ಇವರ ಸಂಗೀತವನ್ನು ಬಿಟ್ಟು ಬೇರೆಯದನ್ನು ಬಳಸಿದ್ದರು. ಅದೇ ಮೂಲವೆಂದು ಹಲವರು ಊಹಿಸಿದರು.

ಊಹೆ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ 2015ರಲ್ಲಿ ಮಧ್ಯಸ್ಥರ ತೀರ್ಪು ಹೊರಬಂದಾಗ ಕಂಡದ್ದು ಬರಿಯ ಸ್ವರದ ಜಗಳವಲ್ಲ, ಖಾತೆಯ ಜಗಳ. ಅವರ ಪಾಲಿನ ಷೇರುಗಳನ್ನು ಸಂಸ್ಥೆ ಕಿತ್ತುಕೊಂಡದ್ದು ಒಪ್ಪಂದಕ್ಕೆ ವಿರುದ್ಧವೆಂದು ನಿರ್ಣಯವಾಯಿತು. ಇತ್ತ, ತಮ್ಮಲ್ಲಿ ಉಳಿದಿದ್ದ ‘ಡೆಸ್ಟಿನಿ’ಯ ಸಂಗೀತಸಾಮಗ್ರಿಯನ್ನು ಸಂಸ್ಥೆಗೆ ಹಿಂದಿರುಗಿಸಬೇಕೆಂದು ಅವರಿಗೂ ಆಜ್ಞೆಯಾಯಿತು. ಅದನ್ನು ಬಳಸಿದರೆಂದು 2021ರಲ್ಲಿ ನ್ಯಾಯಾಲಯ ಅವರ ಮೇಲೆ ನಿಂದನೆಯ ದೋಷವನ್ನು ಹೊರಿಸಿತು.

ಅದೇ ಸೂತ್ರದಲ್ಲಿ ಸಾಕಾರಮಂತ್ರಭೇದಕ್ಕೆ ಮೊದಲು ನಿಂತಿರುವುದು ನ್ಯಾಸಾಪಹಾರ: ಠೇವಣಿಯಿಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದರೆ, ‘ಅಷ್ಟೇ ಹೌದು’ ಎಂದು ಒಪ್ಪಿ ಉಳಿದುದನ್ನು ನುಂಗುವುದು. ಒಬ್ಬರ ಪಾಲು ಇನ್ನೊಬ್ಬರ ಬಳಿ ಉಳಿದಾಗ ಬರುವ ತೊಡಕನ್ನು ಆಚಾರ್ಯರು ಎಷ್ಟು ಚೆನ್ನಾಗಿ ಬಲ್ಲವರು! ವ್ಯಾಪಾರಿಗಳಿಗೆಂದೇ ಬರೆದರೋ ಎನಿಸುತ್ತದೆ. ಅಮೆರಿಕೆಯ ಈ ಇಬ್ಬರಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ನಿರ್ಣಯಿಸಹೊರಟರೆ ಮತ್ತೆ ಹುಬ್ಬಿನ ಚಲನೆಯನ್ನೇ ಓದಿದಂತಾಗುತ್ತದೆ, ಪತ್ರದಲ್ಲಿದ್ದಷ್ಟು ಸಾಕು.

ಮೂಡಲಗಿಯ ಕಾಳು ವ್ಯಾಪಾರಿಯೊಬ್ಬರ ಅಂಗಡಿಯಿಂದ 22 ವರ್ಷ ದುಡಿದ ದಿವಾಣಜಿ ಹೊರಟುಹೋದಾಗ ಗಿರಾಕಿಯೊಬ್ಬನು ಮೆಲ್ಲನೆ ಕೇಳಿದನು: ‘ಯಾಕ ಬಿಟ್ರೀ ಅಣ್ಣಾರ?’

‘ಅವರ ಲೆಕ್ಕ ಚುಕ್ತಾ ಆಗೇತಿ. ನಿಮಗ ಕಡ್ಲಿ ಎಷ್ಟು ಬೇಕ್ರಿ?’ ಎಂದು ಅವರು ತಕ್ಕಡಿ ಎತ್ತಿದರು.