ಕೇಳುವುದೂ ದಾಸೋಹ



2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದು ದಂಡೆಯ ಗ್ರಾಮಗಳು ಜಲಾವೃತವಾದುದು ತಮ್ಮೆಲ್ಲರ ನೆನಪಿನಲ್ಲಿರಬಹುದು. ಆಗ ಮಲಪ್ರಭೆಯ ದಡದ ಸಂತ್ರಸ್ತರಿಗೆಂದು ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಪ್ರಸಾದ ಬಡಿಸುವ ಸೇವೆಯು ನನ್ನ ಪಾಲಿಗೆ ಬಂದಿತ್ತು.

ಅಲ್ಲಿ ಎಂಟೊಂಬತ್ತು ವರ್ಷದ ಬಾಲಕನೊಬ್ಬನು ತಟ್ಟೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದನು. ಮಳೆಯ ಸಪ್ಪಳವಾದೊಡನೆ ತಾಯಿಯ ಸೆರಗನ್ನು ಬಿಗಿಹಿಡಿದು ಅಳುತ್ತಿದ್ದನು. ರಾತ್ರಿ ಹಾಸಿಗೆಯನ್ನು ಒದ್ದೆಮಾಡಿಕೊಳ್ಳುತ್ತಿದ್ದನು. “ಗಂಡುಮಗ ಅದೀ, ಅಳಬಾರದಪ್ಪಾ” ಎಂದು ನಾನು ಬುದ್ಧಿ ಹೇಳಿದೆ. ಅವನು ಅಳುವುದನ್ನು ನಿಲ್ಲಿಸಿದನು. ನನ್ನೊಡನೆ ಮಾತನಾಡುವುದನ್ನೂ ನಿಲ್ಲಿಸಿದನು.

ಅಡುಗೆಮನೆಯಲ್ಲಿ ಸೇವೆಗೆ ನಿಂತಿದ್ದ ಮುದುಕಿಯೊಬ್ಬರು ಅವನಿಗೆ ಏನನ್ನೂ ಬೋಧಿಸಲಿಲ್ಲ. ಪ್ರತಿದಿನ ಬಳಿಯಲ್ಲಿ ಕೂರಿಸಿಕೊಂಡು ಬೆಳ್ಳುಳ್ಳಿ ಸುಲಿಯಲು ಕೊಟ್ಟರು. ನಾಲ್ಕನೆಯ ದಿನ ಅವನೇ ಬಾಯಿಬಿಟ್ಟನು: “ಆಯಿ, ಕರಾ ಕಟ್ಟಿದ್ದು ನಾ ಬಿಚ್ಚಲಿಲ್ಲ.” ಕರು ಕೊಚ್ಚಿಹೋದದ್ದು ತನ್ನ ತಪ್ಪೆಂಬ ಭಾರವನ್ನು ಆ ಮಗುವು ಒಂಟಿಯಾಗಿ ಹೊತ್ತಿತ್ತು. “ನಿಂದೇನೂ ತಪ್ಪಿಲ್ಲೋ ಕೂಸ” ಎಂದು ಆ ತಾಯಿ ತಲೆ ಸವರಿದರು. ಅಂದು ಅವನು ಹೊಟ್ಟೆತುಂಬ ಉಂಡನು.

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಇತರರೊಡಗೂಡಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಇದನ್ನೇ ಮೂರು ಹೆಜ್ಜೆಗಳಲ್ಲಿ ಹೇಳುತ್ತದೆ: ಗಮನಿಸುವುದು, ಆಲಿಸುವುದು, ಬೇಕಾದ ನೆರವಿನೊಡನೆ ಸೇರಿಸುವುದು. ಮಕ್ಕಳನ್ನು ಒತ್ತಾಯಿಸಿ ಕೇಳಬಾರದು, ಹೇಳಬಂದಾಗ ತಡೆಯಲೂಬಾರದು. ಹೆತ್ತವರಿಂದ ಅಗಲಿಸದೆ, ಆಟ-ಪಾಠ-ನಿದ್ರೆಗಳನ್ನು ಬೇಗ ಮೊದಲಿನ ಕ್ರಮಕ್ಕೆ ತರಬೇಕು. ಸಾವಿನ ಸುದ್ದಿಯನ್ನು ಸಹ ಮರೆಮಾಚದೆ, ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಸಬೇಕು. ಹರೆಯದವರಲ್ಲಿ ದುಃಖವು ಸಿಟ್ಟಾಗಿಯೋ ಮೌನವಾಗಿಯೋ ತೋರಬಹುದು. ಅದನ್ನು ಉದ್ಧಟತನವೆಂದು ಭಾವಿಸಲಾಗದು.

ಬಹುಪಾಲು ಮಕ್ಕಳು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಭಯ, ದುಃಸ್ವಪ್ನಗಳು ಬಿಡದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ತಡಮಾಡದೆ, ಮಗುವನ್ನು ಒಂಟಿಯಾಗಿ ಬಿಡದೆ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ, 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ಮಠದ ಪ್ರಸಾದದಿಂದ ಬೆಳೆದ ನಾವು ಅನ್ನ ನೀಡುವುದನ್ನು ಬಲ್ಲೆವು. ನೊಂದ ಮಗುವಿನ ಮಗ್ಗುಲಲ್ಲಿ ಕುಳಿತು, ಉಪದೇಶವನ್ನು ಬದಿಗಿಟ್ಟು ಕೇಳುವುದೂ ದಾಸೋಹವೇ. ನಾನು ಅದನ್ನು ಅಡುಗೆಮನೆಯಲ್ಲಿ ತಡವಾಗಿ ಕಲಿತೆ. ತಾವು ಮೊದಲೇ ಕಲಿಯಿರೆಂದು ಪ್ರಾರ್ಥನೆ.